ನೀರಿನ ಬಾಗು

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರಗಳ ಕಡೆ ಕಾಲುವೆಯ ನೀರುಂಡ ಕೆಲವು ಎರೆಹೊಲಗಳ ಮೇಲೆ ಬಿಳಿಯ ಸವಳು ಕಾಣುವುದುಂಟು. ಇದರ ಮೂಲ ನೀರಿನ ಅಣುವಿನ ಆಕಾರದಲ್ಲಿದೆಯೆಂದರೆ ನೀವು ನಂಬುವಿರಾ?

ಹಗ್ಗ ಜಗ್ಗಾಟವನ್ನು ನೆನೆಯಿರಿ. ಸಮಬಲರಿಬ್ಬರು ನೇರ ಎದುರುಬದುರಾಗಿ ಜಗ್ಗಿದರೆ ನಡುವಿನ ಗಂಟು ಕದಲದು. ಇಂಗಾಲದ ಡೈ ಆಕ್ಸೈಡಿನ ಅಣುವಿನಲ್ಲಿ ಆಗುವುದೂ ಇದೇ. ಇಂಗಾಲದ ಎರಡು ಬದಿಗೆ ಒಂದೇ ಗೆರೆಯಲ್ಲಿ ನಿಂತ ಆಮ್ಲಜನಕಗಳು ಎಲೆಕ್ಟ್ರಾನುಗಳನ್ನು ತಮ್ಮತ್ತ ಎಳೆಯುತ್ತವೆ, ಎಳೆತಗಳು ಸರಿದೂಗುತ್ತವೆ. ಆ ಅಣುವಿಗೆ ಧ್ರುವತೆಯಿಲ್ಲ.

ನೀರಿನ ರೀತಿ ಬೇರೆ. ಅಲ್ಲಿ ನಡುವೆ ಆಮ್ಲಜನಕ. ಎರಡು ಜಲಜನಕಗಳು ಸುಮಾರು 104.5 ಡಿಗ್ರಿ ಕೋನದಲ್ಲಿ ಬಾಗಿ ನಿಂತಿವೆ. ಎಳೆತಗಳು ಸರಿದೂಗದೆ ಒಂದೇ ಬದಿಗೆ ವಾಲುತ್ತವೆ. ಆಮ್ಲಜನಕದ ಬದಿ ಕೊಂಚ ಋಣ, ಜಲಜನಕದ ಬದಿ ಕೊಂಚ ಧನ. ಈ ಎರಡು ತುದಿಗಳಿಂದಲೇ ನೀರು ಉಪ್ಪಿನ ಧನ, ಋಣ ಕಣಗಳನ್ನು ಬಿಡಿಸಿ ಸುತ್ತುಗಟ್ಟುತ್ತದೆ. ಅಡಿಗೆಮನೆಯ ಎಣ್ಣೆಗೆ ಈ ಶಕ್ತಿಯಿಲ್ಲ. ಒಂದು ಚಿಟಿಕೆ ಉಪ್ಪು ಹಾಕಿ ನೋಡಿರಿ.

ನಾರಾಯಣಪುರ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡು, ಎಡದಂಡೆ ಕಾಲುವೆಯಿಂದ ಈ ಸೀಮೆಗೆ ಕೃಷ್ಣೆಯ ನೀರು ಬಂದಿತು. ಅದು ಭಾಗ್ಯವೇ ಸರಿ. ಆದರೆ ಅತಿಯಾಗಿ ಹಾಯಿಸಿದ ನೀರು ನೆಲದೊಳಗಿನ ಲವಣವನ್ನು ಕರಗಿಸಿಕೊಂಡು ಮೇಲೇರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ, ಪೈರು ಸೊರಗುತ್ತದೆ.

ಹಾಗೆಂದು ನೀರನ್ನು ದೂರಬೇಡಿ. ಹಿತಮಿತವಾಗಿ ಹಾಯಿಸಿ, ಬಸಿಗಾಲುವೆ ತೋಡಿದರೆ, ಅದೇ ನೀರು ಉಪ್ಪನ್ನು ಕರಗಿಸಿಕೊಂಡು ಹೊರಹರಿಯುತ್ತದೆ. ಬಾಗಿದ ಅಣು ಹೊಲವನ್ನು ಕೆಡಿಸಲೂ ಬಲ್ಲದು, ತೊಳೆಯಲೂ ಬಲ್ಲದು. ಅದಕ್ಕೆ ದಾರಿ ಮಾಡಿಕೊಡುವವರು ನಾವು.