ಚಿತ್ರಪಟದಿಂದ ಬಟ್ಟೆಯ ಗಿರಣಿಗೆ

ಇಂದು ಪದವಿಯನ್ನು ಪಡೆದ ತರುಣ ತರುಣಿಯರೇ,

ಪ್ರದರ್ಶನಶಾಲೆಯ ಗೋಡೆಯನ್ನು ಸೇರುವ ಚಿತ್ರವು ಮೇಲು, ಅಂಗಡಿಯ ಗಜಕೋಲಿಗೆ ಸಿಕ್ಕುವ ಚಿತ್ತಾರವು ಕೀಳು ಎಂಬ ಭಾವನೆಯನ್ನು ಕಲಾಭ್ಯಾಸಿಗಳಲ್ಲಿ ಹಲವರು ಅರಿತೋ ಅರಿಯದೆಯೋ ಹೊತ್ತಿರುತ್ತಾರೆ. ಆ ತಾರತಮ್ಯವನ್ನು ತನ್ನ ಬಾಳಿನಿಂದಲೇ ಅಲ್ಲಗಳೆದ ಲ್ಯುಬೋವ್ ಪೊಪೋವಾ ಎಂಬ ರಷ್ಯದ ಕಲಾವಿದೆಯ ವೃತ್ತಾಂತವನ್ನು ನಿಮ್ಮೆದುರಿಗೆ ಇರಿಸಬೇಕೆಂದು ಬಂದಿದ್ದೇನೆ.

1889ರಲ್ಲಿ ಮಾಸ್ಕೋ ಸಮೀಪದಲ್ಲಿ, ಜವಳಿಯ ವ್ಯಾಪಾರದಿಂದ ಸಿರಿಗೂಡಿದ ಮನೆತನದಲ್ಲಿ ಹುಟ್ಟಿದ ಆಕೆ, ಪ್ಯಾರಿಸ್ಸಿನಲ್ಲಿ ಕ್ಯೂಬಿಸಂ ಪಂಥದ ಗುರುಗಳ ಬಳಿ ಅಭ್ಯಾಸ ಮಾಡಿ ಮರಳಿದಳು. ವರ್ಣಫಲಕಗಳು ಒಂದನ್ನೊಂದು ಛೇದಿಸಿ, ಒಂದರ ಮೇಲೊಂದು ಒರಗಿ, ಕಟ್ಟಡದಂತೆ ನಿಲ್ಲುವ ಪಟಗಳನ್ನು 1916ರಿಂದ ರಚಿಸಿದಳು. ರಷ್ಯದ ಕ್ರಾಂತಿಯ ತರುವಾಯ ಪತಿಯು ವಿಷಮಜ್ವರದಿಂದ ತೀರಿಕೊಂಡನು. ಆಕೆಯೂ ರೋಗಕ್ಕೆ ಸಿಲುಕಿ ಬದುಕಿಬಂದು ಮತ್ತೆ ಕುಂಚವನ್ನು ಹಿಡಿದಳು.

1921ರಲ್ಲಿ, ಐವರು ಕಲಾವಿದರು ತಲಾ ಐದು ಕೃತಿಗಳನ್ನಿಟ್ಟ ಮಾಸ್ಕೋದ ಪ್ರದರ್ಶನದಲ್ಲಿ ಭಾಗವಹಿಸಿದ ಆಕೆ, ಅದೇ ವರ್ಷ ಚೌಕಟ್ಟಿನ ಚಿತ್ರಕ್ಕೆ ಕಾಲ ಮುಗಿಯಿತೆಂದು ಸಾರಿದವರೊಡನೆ ಸೇರಿದಳು. ಆ ಸಾರಿಕೆಯನ್ನು ನಾನು ಒಪ್ಪಲಾರೆ; ಏಕೆಂದರೆ ಮುಂದೆ ಆಕೆ ಬಟ್ಟೆಯ ಮೇಲೆ ಹಾಯಿಸಿದ ಪಟ್ಟೆಗಳಲ್ಲಿಯೂ ವೃತ್ತಗಳಲ್ಲಿಯೂ ಹೊಮ್ಮಿದ ಚಲನೆಯೆಲ್ಲವೂ ಆ ತ್ಯಕ್ತಪಟಗಳ ಶಿಕ್ಷಣದ ಫಲವೇ ಆಗಿದ್ದಿತು.

ಮರುವರ್ಷ ರಂಗನಿರ್ದೇಶಕ ಮೇಯರ್‌ಹೋಲ್ಡನ ರಂಗಭೂಮಿಯ ನಾಟಕವೊಂದಕ್ಕೆ ಆಕೆ ನಿರ್ಮಿಸಿಕೊಟ್ಟುದು ಪರದೆಯಲ್ಲ, ಯಂತ್ರ: ಏಣಿಗಳು, ಜಾರುಹಲಗೆ, ನಾಯಕನ ಅಸೂಯೆ ಏರಿದಂತೆ ವೇಗವಾಗಿ ತಿರುಗುವ ಚಕ್ರಗಳು; ನಟರ ಉಡುಗೆಯಾದರೋ ಕಾರ್ಮಿಕರ ನೀಲಿ ನಿಲುವಂಗಿಯೇ.

1923ರಲ್ಲಿ ಮಾಸ್ಕೋದ ಮೊದಲನೆಯ ಸರ್ಕಾರಿ ಹತ್ತಿಬಟ್ಟೆ ಮುದ್ರಣ ಕಾರ್ಖಾನೆಯ ಕೆಲಸಕ್ಕೆ, ಗೆಳತಿ ವರ್ವಾರಾ ಸ್ತೆಪಾನೊವಾಳೊಡನೆ ಪೊಪೋವಾ ಹೋದಳು. ಮಿತ್ರರೇ, ಇಲ್ಲಿ ತುಸು ನಿಲ್ಲಬೇಕು. ಹೂಬಳ್ಳಿಗಳ ಹಳೆಯ ಅಚ್ಚುಗಳನ್ನು ಕದಲಿಸುವುದೊಂದೇ ಅವರ ಉದ್ದೇಶವಾಗಿರಲಿಲ್ಲ. ಉತ್ಪಾದನೆಯ ನಿರ್ಣಯಗಳಲ್ಲಿ ತಮಗೂ ಮಾತಿರಬೇಕು, ಬಣ್ಣದ ರಾಸಾಯನಿಕ ಪ್ರಯೋಗಶಾಲೆಯೊಡನೆ ಸಂಬಂಧವಿರಬೇಕು, ತಮ್ಮ ಬಟ್ಟೆಯನ್ನು ಹೊಲಿಯುವ ಉಡುಪುಗಾರರೊಡನೆಯೂ ಅದನ್ನು ಜನರಿಗೆ ತೋರುವ ಜಾಹೀರಾತಿನೊಡನೆಯೂ ಸಂಪರ್ಕವಿರಬೇಕು ಎಂದು ಕಾರ್ಖಾನೆಯನ್ನು ಬರವಣಿಗೆಯಲ್ಲಿ ಕೇಳಿದರು. ಬರೆದುಕೊಟ್ಟ ನಕ್ಷೆಗೆ ಕೂಲಿ ಪಡೆದು ಹಿಂದಿರುಗುವ ಅಲಂಕಾರಿಗಳಾಗಿ ಉಳಿಯಲು ಅವರಿಗೆ ಸಮ್ಮತಿಯಿರಲಿಲ್ಲ. ನೀವು ಇನ್ನೆರಡು ತಿಂಗಳಲ್ಲಿ ಯಾವ ಕಾರ್ಯಾಲಯದ ಬಾಗಿಲನ್ನು ದಾಟಿದರೂ ಇದೇ ಪ್ರಶ್ನೆ ನಿಮ್ಮನ್ನು ಎದುರುಗೊಳ್ಳುವುದು. ನಿಮ್ಮನ್ನು ಕರೆದವರು ಕೈಯನ್ನು ಮಾತ್ರ ಕರೆದರೋ, ಬುದ್ಧಿಯನ್ನೂ ಕರೆದರೋ ಎಂಬುದನ್ನು ಮೊದಲ ದಿನವೇ ಕೇಳಿ.

ತನ್ನ ಕಲೆಯ ಯಾವ ವಿಜಯವೂ, ರೈತ ಹೆಂಗಸೊಬ್ಬಳು ತಾನು ಚಿತ್ರಿಸಿದ ಬಟ್ಟೆಯನ್ನು ಕೊಳ್ಳುವುದನ್ನು ಕಂಡಾಗಿನ ತೃಪ್ತಿಯನ್ನು ಕೊಡಲಿಲ್ಲವೆಂದು ಪೊಪೋವಾ ಹೇಳುತ್ತಿದ್ದುದಾಗಿ ಸಮಕಾಲೀನ ವಿಮರ್ಶಕನಾದ ತುಗೆಂಡ್‌ಹೋಲ್ಡ್ ದಾಖಲಿಸಿದ್ದಾನೆ. ಆ ತೃಪ್ತಿ ಬಹುಕಾಲ ಬಾಳಲಿಲ್ಲ. 1924ರ ಮೇ ತಿಂಗಳಿನಲ್ಲಿ ಎಳೆಯ ಮಗನು ಜ್ವರದಿಂದ ಮಡಿದನು. ಅವನ ಶುಶ್ರೂಷೆಯಲ್ಲಿದ್ದ ತಾಯಿಗೂ ಅದೇ ವ್ಯಾಧಿ ತಗುಲಿ, ಕೆಲವೇ ದಿನಗಳಲ್ಲಿ ಆಕೆಯೂ ತೀರಿಕೊಂಡಳು. ವಯಸ್ಸು 35. ಗಿರಣಿಯಲ್ಲಿ ದುಡಿದುದು ಒಂದು ವರ್ಷದಷ್ಟು ಕಾಲ; ಆ ಅಲ್ಪಾವಧಿಯಲ್ಲಿಯೇ ಆಕೆ ರೂಪಿಸಿದ ಬಟ್ಟೆಯನ್ನು ಮಾಸ್ಕೋದ ಹೆಂಗಸರು, ರೂಪಿಸಿದವಳ ಹೆಸರನ್ನೂ ಅರಿಯದೆ, ಕೊಂಡು ಹೊಲಿಸಿ ತೊಟ್ಟರು.