ನರ್ಸಿಂಗ್ ಸೀಟು: ಪಾಲಕರಿಗೆ ಎರಡು ಮಾತು

(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸೊಸಾಯ್ಟಿ ವೇದಿಕೆಯಲ್ಲಿ ಗೊಬ್ಬರ, ಬೆಳೆಸಾಲ ಬಿಟ್ಟು ನರ್ಸಿಂಗ್ ಮಾತೇಕೆ ಅಂತ ಅನ್ನಿಸಬಹುದು. ಮಕ್ಕಳ ಫೀಗೆ ಸಾಲ ಕೇಳಿಕೊಂಡು ಬರುವ ಪಾಲಕರನ್ನು ನಾವು ನೋಡುತ್ತಲೇ ಇದ್ದೇವೆ. ಅದಕ್ಕೇ ಈ ಮಾತು.

ನಮ್ಮವರು ದೊಡ್ಡ ಕಾಯಿಲೆಗೆ ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಓಡುತ್ತಾರೆ. ಅಲ್ಲಿ ನಮ್ಮ ಕಡೆಯ ನರ್ಸೊಬ್ಬಳು ಸಿಕ್ಕರೆ ಅರ್ಧ ನೋವು ಇಳಿಯುತ್ತದೆ. ಅಂಥ ಮಕ್ಕಳು ನಮ್ಮೂರಲ್ಲೂ ಇದ್ದಾರೆ. ಆದರೆ ಸೀಟು ತಪ್ಪುವುದು ಬರೇ ಅಂಕದಿಂದಲ್ಲ, ತಯಾರಿ ತಡವಾಗಿ.

ಬಿ.ಎಸ್ಸಿ. ನರ್ಸಿಂಗಿನ ಸರ್ಕಾರಿ ಸೀಟಿಗೂ 2023ರಿಂದ ಸಿಇಟಿ ಬಂದಿದೆ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಬೇಕು, ಇಂಗ್ಲಿಷೂ ಪಾಸಾಗಬೇಕು. ಹಾಗಾಗಿ ವಿಚಾರ ಮಾಡಬೇಕಾದ್ದು ಎಸ್ಸೆಸ್ಸೆಲ್ಸಿ ಮುಗಿದಾಗಲೇ. ಕಲಾ, ವಾಣಿಜ್ಯ ಓದಿದವರಿಗೆ ಮೂರು ವರ್ಷದ ಜಿ.ಎನ್.ಎಂ. ದಾರಿ ಉಂಟು.

ಒಂದರಿಂದ ಹತ್ತರವರೆಗೆ ಹಳ್ಳಿಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ಇದೆ. ಇದು ನಮ್ಮ ಮಕ್ಕಳ ಹಕ್ಕು. ವ್ಯಾಸಂಗ ಪತ್ರ, ಜಾತಿ-ಆದಾಯ ಪತ್ರ ಮೊದಲೇ ಮಾಡಿಸಿಡಿ. 2019ರ ಗಂಗಾವಳಿ ನೆರೆ ಕಂಡವರಿಗೆ ಕಾಗದ ಎತ್ತರದಲ್ಲಿಡಿ ಅಂತ ಹೇಳಬೇಕಿಲ್ಲ.

ಇನ್ನು ಏಜೆಂಟರು. "ಮುಂಗಡ ಕೊಡಿ, ಸೀಟು ಖಾತ್ರಿ" ಅಂದರೆ ಗದ್ದೆ ಅಡವಿಡಬೇಡಿ. ಆ ಕಾಲೇಜಿಗೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಸಂಯೋಜನೆ, ರಾಜ್ಯ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಇದೆಯೇ ನೋಡಿ. ಮಾನ್ಯತೆಯಿಲ್ಲದ ಕಡೆ ನಾಲ್ಕು ವರ್ಷ ಓದಿದರೂ ಕೌನ್ಸಿಲಿನಲ್ಲಿ ಹೆಸರು ನೋಂದಾಗದು. ನೋಂದಣಿ ಇಲ್ಲದವಳು ನರ್ಸಲ್ಲ, ಸಾಲ ಮಾತ್ರ ಸಾಲವೇ.

ಬೀಜ ಕೊಳ್ಳುವಾಗ ಚೀಲದ ಚೀಟಿ ಓದುವವರು ನಾವು. ಮಕ್ಕಳ ಕಾಲೇಜಿನ ಚೀಟಿಯನ್ನೂ ಓದೋಣ.

ಜೈ ಸಹಕಾರ.