ರೋಗಿಯ ಭಯವನ್ನು ಅರಿಯುವುದು



ಶುಶ್ರೂಷೆಗೆ ಸಂಬಂಧಪಟ್ಟ ಯಾವ ವಿಷಯವನ್ನಾದರೂ ಆಯ್ದುಕೊಳ್ಳಬಹುದೆಂಬ ಸ್ವಾತಂತ್ರ್ಯವನ್ನು ಈ ದತ್ತಿ ಉಪನ್ಯಾಸದ ದಾನಿಗಳು ಉಪನ್ಯಾಸಕರಿಗೆ ಕೊಟ್ಟಿರುವುದರಿಂದ, ಜ್ವರ, ನಾಡಿ, ರಕ್ತದೊತ್ತಡಗಳಂತೆ ಉಪಕರಣದ ಮುಳ್ಳಿಗೆ ಸುಲಭವಾಗಿ ಸಿಕ್ಕದ, ಆದರೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಪ್ರತಿಯೊಬ್ಬರಲ್ಲಿಯೂ ಅಲ್ಪಸ್ವಲ್ಪವಾದರೂ ಇದ್ದೇ ಇರುವ ಭಯ ಮತ್ತು ಆತಂಕಗಳನ್ನು ಕುರಿತು ಮಾತನಾಡುವುದು ಉಚಿತವೆಂದು ನನಗೆ ತೋರಿತು. ಅಮೆರಿಕದ ವಾಷಿಂಗ್ಟನ್ನಿನ ಆಸುಪಾಸು, ಅಟ್ಲಾಂಟಾ ನಗರ, ಎರಡು ಕ್ಯಾರೊಲೈನಾಗಳು ಕನ್ನಡಿಗರಾದ ನಮ್ಮಲ್ಲಿ ಅನೇಕರ ಮನೆ, ಅಲ್ಲಿಯ ಆಸ್ಪತ್ರೆಗಳೇ ನಮ್ಮವರಿಗೂ ಆಸ್ಪತ್ರೆಗಳು ಎಂಬುದು ಈ ಆಯ್ಕೆಗೆ ಒಂದು ಕಾರಣ. ಈ ವಿಷಯದಲ್ಲಿ ಶುಶ್ರೂಷಾಶಾಸ್ತ್ರಕ್ಕೆ ಇಂದಿರುವ ತಿಳಿವಳಿಕೆಯ ಬೆಲೆಯುಳ್ಳ ಭಾಗವೊಂದು ಇದೇ ನೆಲದಲ್ಲಿ ಬೆಳೆಯಿತೆಂಬುದು ಅದಕ್ಕಿಂತ ದೊಡ್ಡ ಕಾರಣ.

1973ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಸೇರಿದ ಶುಶ್ರೂಷಕಿಯರು, ವೈದ್ಯರ ರೋಗನಿದಾನಕ್ಕೆ ಸಮಾನವಾಗಿ ತಮ್ಮ ವೃತ್ತಿಗೂ ಒಂದು ನಿದಾನಪದ್ಧತಿ ಇರತಕ್ಕದ್ದೆಂದು ನಿಶ್ಚಯಿಸಿ ಆರಂಭಿಸಿದ ವರ್ಗೀಕರಣದಲ್ಲಿ ಭಯ, ಆತಂಕ ಎರಡೂ ಪ್ರತ್ಯೇಕ ನಿದಾನಗಳಾಗಿ ನಿಂತಿವೆ. ಭಯಕ್ಕೆ ಒಂದು ವಸ್ತುವುಂಟು: ಸೂಜಿ, ಶಸ್ತ್ರಚಿಕಿತ್ಸೆಯ ಕೊಠಡಿ, ನಾಳೆ ಬರಲಿರುವ ಪರೀಕ್ಷಾವರದಿ. ಆತಂಕಕ್ಕೆ ಹಾಗೆ ಬೆರಳಿಟ್ಟು ತೋರಿಸಬಹುದಾದ ವಸ್ತುವಿಲ್ಲ. ಏನೋ ಆಗಲಿದೆ, ಏನೆಂದು ತಿಳಿಯದು. ಪುಸ್ತಕದಲ್ಲಿ ಈ ಭೇದ ಸ್ಪಷ್ಟವಾಗಿ ಕಂಡರೂ ಹಾಸಿಗೆಯ ಪಕ್ಕದಲ್ಲಿ ಎರಡೂ ಬೆರೆತೇ ಇರುತ್ತವೆ. ಆದರೂ ಭೇದವನ್ನು ಬಿಡಲಾಗದು, ಏಕೆಂದರೆ ಉಪಾಯಗಳು ಬೇರೆ: ಸೂಜಿಗೆ ಅಂಜುವವನಿಗೆ ಸೂಜಿಯ ವಿಷಯವನ್ನು ಹೇಳಿದರೆ ಸಮಾಧಾನವಾದೀತು, ಏತಕ್ಕೆಂದು ತಿಳಿಯದೆ ತಳಮಳಿಸುವವನಿಗೆ ಮಾಹಿತಿಯ ರಾಶಿಯನ್ನು ಸುರಿದರೆ ತಳಮಳ ಹೆಚ್ಚುವುದೇ ಹೊರತು ತಗ್ಗದು.

ಈ ವಿವೇಕದ ಬೇರುಗಳನ್ನು ಅರಸುತ್ತ ಹೋದರೆ ನಾವು ವಾಷಿಂಗ್ಟನ್ನಿನ ಹೊರವಲಯದ ರಾಕ್‌ವಿಲ್ ಊರಿಗೆ ಬಂದು ನಿಲ್ಲುತ್ತೇವೆ. ಅಲ್ಲಿ ಹಳೆಯ ಹೋಟೆಲೊಂದರ ಕಟ್ಟಡದಲ್ಲಿ 1910ರಲ್ಲಿ ಆರಂಭವಾದ ಚೆಸ್ಟ್‌ನಟ್ ಲಾಜ್ ಎಂಬ ಮಾನಸಿಕ ಚಿಕಿತ್ಸಾಲಯಕ್ಕೆ, ಜರ್ಮನಿಯನ್ನು ತೊರೆದುಬಂದ ಮನೋವೈದ್ಯೆ ಫ್ರೀಡಾ ಫ್ರಾಮ್-ರೈಕ್‌ಮನ್ 1935ರಲ್ಲಿ ಸೇರಿ, 1957ರಲ್ಲಿ ತೀರಿಕೊಳ್ಳುವ ತನಕ ಅಲ್ಲಿಯೇ ದುಡಿದರು. ಅದೇ ಕಾಲದಲ್ಲಿ ಅಲ್ಲಿ ಉಪನ್ಯಾಸಗಳನ್ನು ಕೊಡುತ್ತಿದ್ದ ಮನೋವೈದ್ಯ ಹ್ಯಾರಿ ಸ್ಟ್ಯಾಕ್ ಸಲಿವನ್, ಆತಂಕವೆಂಬುದು ಒಬ್ಬನ ಚರ್ಮದೊಳಗೆ ಬಂದಿಯಾಗಿರುವ ಪದಾರ್ಥವಲ್ಲ, ಅದು ಮನುಷ್ಯರ ನಡುವೆ ಹರಿಯತಕ್ಕದ್ದು, ತಾಯಿಯ ಆತಂಕ ಮಾತಿನ ಹಂಗಿಲ್ಲದೆ ಶಿಶುವಿಗೆ ದಾಟುವುದೆಂದು ಬೋಧಿಸಿದರು. ಬೆನಿಂಗ್ಟನ್ ಕಾಲೇಜಿನಲ್ಲಿ ಓದುತ್ತಿದ್ದ ದಿನಗಳಲ್ಲಿ ಈ ಚಿಕಿತ್ಸಾಲಯಕ್ಕೆ ಬಂದು ಅನುಭವ ಪಡೆದ ಹಿಲ್ಡೆಗಾರ್ಡ್ ಪೆಪ್ಲೌ ಎಂಬ ದಾದಿ ಆ ಬೋಧನೆಯನ್ನು ತನ್ನ ವೃತ್ತಿಗೆ ಒಯ್ದು, ತಾಯಿ-ಶಿಶುವಿನ ಸ್ಥಾನದಲ್ಲಿ ದಾದಿ-ರೋಗಿಯನ್ನು ನಿಲ್ಲಿಸಿದರು. ಈ ಸಂಬಂಧವನ್ನು ಕುರಿತ ಆಕೆಯ ಗ್ರಂಥದ ಬರವಣಿಗೆ 1948ರಲ್ಲಿಯೇ ಮುಗಿದಿದ್ದರೂ, ವೈದ್ಯರೊಬ್ಬರ ಹೆಸರನ್ನು ಜೊತೆಗಿಟ್ಟುಕೊಳ್ಳದೆ ದಾದಿಯೊಬ್ಬಳು ಶಾಸ್ತ್ರಗ್ರಂಥವನ್ನು ಪ್ರಕಟಿಸುವುದು ಅತಿಸಾಹಸವೆಂದು ಭಾವಿಸುತ್ತಿದ್ದ ಆ ಕಾಲದಲ್ಲಿ ಅದು ಬೆಳಕು ಕಾಣಲು 1952ರವರೆಗೆ ಕಾಯಬೇಕಾಯಿತು. ಭಯದ ಶಾಸ್ತ್ರವನ್ನು ಬರೆದವಳನ್ನು ಕಂಡು ಅಂಜಿದವರೂ ಇದ್ದರೆಂದು ನಾವು ನಗಬಹುದು.

ಪೆಪ್ಲೌ ಆತಂಕವನ್ನು ಅಲ್ಪ, ಮಧ್ಯಮ, ತೀವ್ರ, ಭೀತಿಯ ಪರಾಕಾಷ್ಠೆ ಎಂದು ನಾಲ್ಕು ಮಟ್ಟಗಳಾಗಿ ವಿಂಗಡಿಸಿದರು. ಈ ವಿಂಗಡಣೆಯ ಸೊಗಸಿರುವುದು, ರೋಗಿ ಎಷ್ಟು ದುಃಖಿಸುತ್ತಿದ್ದಾನೆಂಬುದನ್ನಲ್ಲದೆ ಅವನ ಗ್ರಹಣಶಕ್ತಿಯ ಪರಿಧಿ ಎಷ್ಟು ವಿಶಾಲವಾಗಿ ಉಳಿದಿದೆ ಎಂಬುದನ್ನು ಅದು ಕೇಳುವುದರಲ್ಲಿ. ಅಲ್ಪ ಆತಂಕದಲ್ಲಿ ಮನುಷ್ಯ ಎಚ್ಚೆತ್ತು ಹೆಚ್ಚನ್ನೇ ಕಾಣುತ್ತಾನೆ, ಹೊಸದನ್ನು ಕಲಿಯಬಲ್ಲ. ಮಧ್ಯಮದಲ್ಲಿ ಪರಿಧಿ ಕಿರಿದಾಗುತ್ತದೆ. ತಾನಾಗಿ ಗಮನಿಸದಿದ್ದರೂ ಯಾರಾದರೂ ತೋರಿಸಿಕೊಟ್ಟರೆ ಗಮನಿಸುತ್ತಾನೆ. ತೀವ್ರವಾದಾಗ ಚೂರುಚೂರು ವಿವರಗಳಷ್ಟೇ ಕಾಣುತ್ತವೆ, ಅವುಗಳ ಸಂಬಂಧ ಕಾಣದು. ಪರಾಕಾಷ್ಠೆಯಲ್ಲಿ ಒಂದೇ ಒಂದು ವಿವರ ಭೂತಾಕಾರವಾಗಿ ಬೆಳೆದು ಲೋಕವನ್ನೆಲ್ಲ ಮರೆಮಾಡುತ್ತದೆ. ಆದುದರಿಂದ, ಮನೆಗೆ ಕಳುಹಿಸುವ ದಿನ ರೋಗಿಯ ಕೈಗೆ ಹತ್ತು ಪುಟಗಳ ಸೂಚನೆಗಳನ್ನು ಕೊಟ್ಟು, ಅರ್ಥವಾಯಿತೆ ಎಂದು ಕೇಳಿ, ಅವನು ಹೂಂ ಎಂದೊಡನೆ ಅರ್ಥವಾಯಿತೆಂದು ಬರೆದುಕೊಳ್ಳುವ ಪದ್ಧತಿ ಎಷ್ಟು ವ್ಯರ್ಥವೆಂಬುದು ಇದರಿಂದಲೇ ತಿಳಿಯುತ್ತದೆ. ತೀವ್ರ ಆತಂಕದಲ್ಲಿರುವವನ ಹೂಂಕಾರ ಸಮ್ಮತಿಯಲ್ಲ. ನೀವು ಬೇಗ ಹೊರಡಲಿ ಎಂಬ ಬಯಕೆ ಅದು. ಅವನಿಗೆ ಮೂರು ಪದದ ವಾಕ್ಯ ಸಾಕು, ಒಂದು ಸಲಕ್ಕೆ ಒಂದು ವಾಕ್ಯ ಸಾಕು.

ಆತಂಕ ಮನುಷ್ಯರ ನಡುವೆ ಹರಿಯುವುದೇ ನಿಜವಾದರೆ ಅದನ್ನು ಅಳೆಯಲು ಬಂದವಳೂ ಆ ಹರಿವಿನಲ್ಲಿಯೇ ನಿಂತಿದ್ದಾಳೆ. ಇಂದು ನಾನು ಹೇಳಬೇಕೆಂದಿರುವುದರ ತಿರುಳು ಇದು. ಅದೇ ಚೆಸ್ಟ್‌ನಟ್ ಲಾಜಿನ ದಾದಿ ಗ್ವೆನ್ ಟ್ಯೂಡರ್ 1952ರಲ್ಲಿ ಪ್ರಕಟಿಸಿದ ಅಧ್ಯಯನವು, ಮಾತಿಗೆ ಬಾರದ ರೋಗಿಯಿಂದ ದಾದಿಯರು ದೂರ ಸರಿಯುವುದೂ, ದೂರ ಸರಿದ ದಾದಿಯರಿಂದ ರೋಗಿ ಇನ್ನಷ್ಟು ಒಳಗೆ ಮುದುಡುವುದೂ ಒಂದನ್ನೊಂದು ಪೋಷಿಸುವ ಬಗೆಯನ್ನು ವಾರ್ಡಿನ ದೈನಂದಿನ ವ್ಯವಹಾರಗಳಲ್ಲಿಯೇ ತೋರಿಸಿತು. ಕೆಲವು ವರ್ಷಗಳ ತರುವಾಯ ಲಂಡನ್ನಿನ ಆಸ್ಪತ್ರೆಯೊಂದನ್ನು ಪರಿಶೀಲಿಸಿದ ಮನೋವಿಶ್ಲೇಷಕಿ ಇಸಾಬೆಲ್ ಮೆಂಜೀಸ್, ರೋಗಿಗಳನ್ನು ಹೆಸರಿನಿಂದ ಕರೆಯದೆ ಹಾಸಿಗೆಯ ಸಂಖ್ಯೆಯಿಂದಲೋ ಕೆಟ್ಟ ಅವಯವದಿಂದಲೋ ಕರೆಯುವುದು, ಕೆಲಸವನ್ನು ತುಂಡುತುಂಡಾಗಿ ಹಂಚಿ ಯಾವ ದಾದಿಯೂ ಯಾವ ರೋಗಿಗೂ ಹತ್ತಿರವಾಗದಂತೆ ಮಾಡುವುದು, ಇವೆಲ್ಲ ದಾದಿಯರ ಆತಂಕಕ್ಕೆ ಸಂಸ್ಥೆಯೇ ಕಟ್ಟಿಕೊಟ್ಟ ಕೋಟೆಗೋಡೆಗಳೆಂದು ಹೇಳಿದರು. ಇಂದು ಆ ಗೋಡೆಯ ಸ್ಥಾನದಲ್ಲಿ ಚಕ್ರಗಳ ಮೇಲೆ ಓಡಾಡುವ ಗಣಕಯಂತ್ರ ನಿಂತಿದೆಯೆಂದು ನಾನು ಹೇಳಿದರೆ ಸಭೆಯಲ್ಲಿರುವ ದಾದಿಯರು ಮುನಿಯಲಾರರೆಂದು ನಂಬಿದ್ದೇನೆ.

ಇನ್ನು ದೇಹದ ಲಕ್ಷಣಗಳು. ನಾಡಿಯ ವೇಗ, ಉಸಿರಾಟದ ಏರಿಕೆ, ಹಿಗ್ಗಿದ ಕಣ್ಣಿನ ಪಾಪೆ, ತಣ್ಣನೆಯ ಬೆವರುಗೈ, ಒಣಗಿದ ಬಾಯಿ, ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕೆನಿಸುವುದು, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು: ಇವನ್ನು ಎಲ್ಲರೂ ಬಲ್ಲರು. ಬಲ್ಲವರೂ ಎಡವುವ ಸ್ಥಳ ಬೇರೆಯಿದೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ, ಸಕ್ಕರೆ ಕುಸಿದಾಗ, ಒಳಗೆಲ್ಲೋ ರಕ್ತಸ್ರಾವವಾಗುತ್ತಿರುವಾಗ, ಥೈರಾಯ್ಡ್ ಗ್ರಂಥಿ ಅತಿಯಾಗಿ ಸ್ರವಿಸುವಾಗ, ಮದ್ಯಕ್ಕೆ ಒಗ್ಗಿದ ಶರೀರಕ್ಕೆ ಥಟ್ಟನೆ ಮದ್ಯ ತಪ್ಪಿದಾಗ ತೋರುವ ಚಿಹ್ನೆಗಳೂ ಬಹುಮಟ್ಟಿಗೆ ಇವೇ. ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪು ಬಂದು ಅಡ್ಡನಿಂತಾಗಲೂ, ಹೃದಯಾಘಾತದಲ್ಲಿಯೂ, ಹೊಂದದ ರಕ್ತವನ್ನು ಕೊಟ್ಟಾಗಲೂ, ತಾನು ಸಾಯಲಿದ್ದೇನೆಂಬ ಅಕಾರಣವಾದ ನಿಶ್ಚಯ ರೋಗಿಯ ಮನಸ್ಸಿನಲ್ಲಿ ಇತರ ಚಿಹ್ನೆಗಳಿಗಿಂತ ಮುಂಚೆಯೇ ಮೂಡುವುದುಂಟು. ಹಾಗೆ ಹೇಳಿದ ರೋಗಿಗೆ, ಅದೇನಿಲ್ಲ, ಗಾಬರಿಯಷ್ಟೆ ಎಂದು ಬೆನ್ನು ತಟ್ಟಿ ಹೋದ ದಾದಿ ಕರುಣಾಳುವಾಗಿರಬಹುದು, ಕುಶಲಳಲ್ಲ. ಮೊದಲು ಆಮ್ಲಜನಕ, ಸಕ್ಕರೆ, ರಕ್ತದೊತ್ತಡಗಳನ್ನು ನೋಡತಕ್ಕದ್ದು; ಆತಂಕವೆಂಬ ಹೆಸರನ್ನು ಅನಂತರ ಕೊಡತಕ್ಕದ್ದು.

ಅಳತೆಗೋಲುಗಳಿಗೆ ಬಡತನವಿಲ್ಲ. ಮನೋವಿಜ್ಞಾನಿ ಸ್ಪೀಲ್‌ಬರ್ಗರ್ 1970ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಈಗಿನ ಆತಂಕಕ್ಕೆ 20 ಮತ್ತು ಸ್ವಭಾವದ ಆತಂಕಕ್ಕೆ 20 ವಾಕ್ಯಗಳನ್ನು ಇಡುತ್ತದೆ. ಆಸ್ಪತ್ರೆಯ ರೋಗಿಗಳಿಗೆಂದು 1983ರಲ್ಲಿ ಬಂದ ಮಾಪಕವು 14 ಪ್ರಶ್ನೆಗಳಲ್ಲಿ ಆತಂಕ, ಖಿನ್ನತೆ ಎರಡನ್ನೂ ಕೇಳುತ್ತ, ರೋಗದಿಂದಲೇ ಬರಬಹುದಾದ ದೇಹಲಕ್ಷಣಗಳನ್ನು ಬುದ್ಧಿಪೂರ್ವಕವಾಗಿ ಬಿಟ್ಟಿದೆ. 2006ರ ಏಳು ಪ್ರಶ್ನೆಗಳ ಆತಂಕದ ಮಾಪಕದಲ್ಲಿ 21ಕ್ಕೆ 10 ಅಥವಾ ಹೆಚ್ಚು ಬಂದರೆ ಹೆಚ್ಚಿನ ವಿಚಾರಣೆ ಅಗತ್ಯವೆನ್ನುತ್ತಾರೆ. ಕೃತಕ ಉಸಿರಾಟದ ನಳಿಗೆಯಿಂದಾಗಿ ಮಾತನಾಡಲಾರದವರಿಗೆ ಐದು ಮುಖಗಳ ಚಿತ್ರವನ್ನು ತೋರಿಸಿ ಒಂದನ್ನು ಮುಟ್ಟಿಸುವ ಕ್ರಮವಿದೆ. ಇವುಗಳಲ್ಲೆಲ್ಲ ನನಗೆ ಹೆಚ್ಚು ಪ್ರಿಯವಾದದ್ದು ಅದೇ. ನಿನ್ನೆಗಿಂತ ಇಂದು ಹೇಗೆಂದು ತಿಳಿಯಲು ಅಂಕಿ ಉಪಕಾರಿ. ಆದರೆ ಎರಡು ವಿವರಗಳನ್ನು ಕೂಡಿಸಲಾರದ ಸ್ಥಿತಿಯಲ್ಲಿರುವವನ ಕೈಗೆ ಇಪ್ಪತ್ತು ವಾಕ್ಯಗಳ ಕಾಗದವನ್ನು ಕೊಡುವುದು ಅಳೆಯುವವಳ ಆತಂಕವನ್ನಷ್ಟೇ ಶಮನಗೊಳಿಸುತ್ತದೆ.

ಉತ್ತರ ಕ್ಯಾರೊಲೈನಾದ ಚಾಪೆಲ್ ಹಿಲ್ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಪ್ರಾಧ್ಯಾಪಿಕೆಯಾಗಿದ್ದ ಮರ್ಲ್ ಮಿಶೆಲ್ ಅಳತೆಯ ಈ ಪ್ರಶ್ನೆಯನ್ನು ಬೇರೊಂದು ದಿಕ್ಕಿನಿಂದ ಹಿಡಿದರು. 1981ರಲ್ಲಿ ಅವರು ಪ್ರಕಟಿಸಿದ ಮಾಪಕವೂ 1988ರ ಸಿದ್ಧಾಂತವೂ ಅಳೆಯಹೊರಟದ್ದು ಭಯವನ್ನಲ್ಲ, ಅನಿಶ್ಚಯವನ್ನು: ತನಗೆ ಆಗುತ್ತಿರುವುದರ ಅರ್ಥವೇನೆಂದು ರೋಗಿಗೆ ನಿರ್ಣಯಿಸಲಾಗದ ಸ್ಥಿತಿಯನ್ನು. ಕಾಯುವಿಕೆಯೂ ಅನಿಶ್ಚಯವೂ ರೋಗಿಯನ್ನು ದೈಹಿಕ ಶ್ರಮಕ್ಕಿಂತ ಹೆಚ್ಚು ಬಳಲಿಸುತ್ತವೆಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿಯೇ ಕಂಡಿದ್ದರು. ಮಿಶೆಲ್ ಆ ಕಾಣ್ಕೆಗೆ ಶಾಸ್ತ್ರದ ಮೂಳೆಮಾಂಸಗಳನ್ನು ತೊಡಿಸಿದರು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನ ರೋಗಿಗಳಿಗೆ ದಾದಿಯರು ವಾರವಾರವೂ ದೂರವಾಣಿಯಲ್ಲಿ ಮಾತನಾಡಿ, ಯಾವ ಲಕ್ಷಣಕ್ಕೆ ಯಾವ ಅರ್ಥವೆಂದು ಬಿಡಿಸಿ ಹೇಳುವ ಕ್ರಮವನ್ನು ಅವರ ತಂಡ ಪರೀಕ್ಷಿಸಿ 2002ರಲ್ಲಿ ವರದಿ ಮಾಡಿತು. ಅನಿಶ್ಚಯಕ್ಕೆ ಬೇಕಾದದ್ದು ಗುಳಿಗೆಯಲ್ಲ, ಬಲ್ಲವಳ ಧ್ವನಿ.

ಧ್ವನಿಯೆಂದಾಗ ಅಟ್ಲಾಂಟಾದ ಮಾತು ತಾನಾಗಿ ಬರುತ್ತದೆ. 2014ರ ಆಗಸ್ಟ್ 2ರಂದು ಎಬೋಲಾ ತಗುಲಿದ ವೈದ್ಯ ಕೆಂಟ್ ಬ್ರಾಂಟ್ಲಿಯನ್ನು ಲೈಬೀರಿಯಾದಿಂದ ಎಮೊರಿ ಆಸ್ಪತ್ರೆಗೆ ಕರೆತಂದಾಗ ನಾಡಿಗೆ ನಾಡೇ ಹೆದರಿತು. ರೋಗಿಯನ್ನು ದೇಶದೊಳಕ್ಕೆ ತಂದದ್ದೇ ತಪ್ಪೆಂದವರಿಗೆ ಅಲ್ಲಿಯ ಮುಖ್ಯ ದಾದಿ ಸುಸಾನ್ ಗ್ರಾಂಟ್ ಅದೇ ತಿಂಗಳು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಉತ್ತರ ಬರೆದರು. ಅಡಿಯಿಂದ ಮುಡಿಯವರೆಗೆ ರಕ್ಷಣಾವಸ್ತ್ರ ತೊಟ್ಟ ದಾದಿಯ ಮುಖ ರೋಗಿಗೆ ಸರಿಯಾಗಿ ಕಾಣದು. ಅವನ ಭಯವನ್ನು ಅವಳೂ, ಅವಳ ಧೈರ್ಯವನ್ನು ಅವನೂ ಧ್ವನಿಯಿಂದ, ಕಣ್ಣಿನಿಂದ, ಕೈಗವಸಿನ ಸ್ಪರ್ಶದಿಂದಲೇ ಅರಿಯಬೇಕು. ಆ ವರ್ಷ ಎಮೊರಿಗೆ ಬಂದ ನಾಲ್ವರು ಎಬೋಲಾ ರೋಗಿಗಳೂ ಬದುಕಿದರು. ಆ ದಾದಿಯರಿಗೆ ಭಯವಿರಲಿಲ್ಲವೆಂದು ಭಾವಿಸುವುದು ಅವರಿಗೆ ಮಾಡುವ ಅನ್ಯಾಯ; ಅವರ ಭಯಕ್ಕೆ ಹೆಸರೂ, ಅಭ್ಯಾಸವೂ, ಕ್ರಮವೂ ಇದ್ದುವು, ಆದುದರಿಂದ ಅದು ಆತಂಕವಾಗಿ ಕೊಳೆಯಲಿಲ್ಲ.

ಕಡೆಗೆ ನಮ್ಮವರ ವಿಚಾರ. ಮಕ್ಕಳ ಮನೆಗೆಂದು ಆಶ್‌ಬರ್ನಿಗೋ ಆಲ್ಫರೆಟಾಕ್ಕೋ ಕ್ಯಾರಿಗೋ ಬಂದು, ಅಕಸ್ಮಾತ್ತಾಗಿ ಆಸ್ಪತ್ರೆ ಸೇರುವ ನಮ್ಮ ತಾಯಂದಿರು ದಾದಿ ಕೇಳಿದಾಗಲೆಲ್ಲ ನಗುತ್ತ ತಲೆಯಾಡಿಸುತ್ತಾರೆ. ಆ ನಗೆಯನ್ನು ನೆಮ್ಮದಿಯೆಂದು ಬರೆದುಕೊಳ್ಳುವ ದಾದಿಯನ್ನು ನಾನು ದೂರಲಾರೆ, ಆದರೆ ಅದು ಬಹುಶಃ ನೆಮ್ಮದಿಯಲ್ಲ. ಸಂಕಟ, ಎದೆ ಹೊಡೆದುಕೊಳ್ಳುತ್ತೆ, ಕೈಕಾಲು ತಣ್ಣಗಾಗುತ್ತೆ, ಜೀವ ಒಂಥರಾ ಆಗುತ್ತೆ ಎಂದು ಅವರು ಹೇಳಿಕೊಳ್ಳುವುದು ದೇಹದ ಭಾಷೆಯಲ್ಲಿ. ಅದನ್ನು ದಾದಿಗೆ ಒಪ್ಪಿಸುವವನು ಮಗ. ಮತ್ತು ಆ ತಾಯಿಯ ನಿಜವಾದ ಭಯಗಳಾದರೂ ಏನು? ಪ್ರವಾಸಿ ವಿಮೆ ಹಳೆಯ ಕಾಯಿಲೆಗೆ ದುಡ್ಡು ಕೊಡದಿದ್ದರೆ ಮಗನ ಗತಿಯೇನು, ಈ ಊರಿನಲ್ಲಿಯೇ ಕಣ್ಣು ಮುಚ್ಚಬೇಕಾದೀತೆ, ಸೊಸೆಗೆ ಹೊರೆಯಾದೆನೆ. ಇವುಗಳಲ್ಲಿ ಒಂದನ್ನೂ ಆಕೆ ಮಗನ ಬಾಯಿಂದ ಹೇಳಿಸಲಾರಳು. ತುರ್ತು ಪ್ರಸಂಗದಲ್ಲಿ ಅಥವಾ ರೋಗಿಯೇ ಬಯಸಿದಲ್ಲಿ ಹೊರತು, ಜೊತೆಯಲ್ಲಿ ಬಂದವರನ್ನು ದುಭಾಷಿಗಳಾಗಿ ಅವಲಂಬಿಸಬಾರದೆಂದು ಅಮೆರಿಕದ ಒಕ್ಕೂಟ ಸರ್ಕಾರದ 2016ರ ನಿಯಮ ಹೇಳಿತು. ಕೇಳಿದರೆ ದೂರವಾಣಿಯ ದುಭಾಷಿಯನ್ನು ಒದಗಿಸುವುದು ಆಸ್ಪತ್ರೆಯ ಕರ್ತವ್ಯ. ಕೇಳುವವರೇ ನಮ್ಮಲ್ಲಿ ಕಡಮೆ, ಮಗನಿಗೆ ಇಂಗ್ಲಿಷ್ ಬರುತ್ತದೆಂಬ ಅಭಿಮಾನ ಅಡ್ಡ ಬರುತ್ತದೆ.

ವಾಷಿಂಗ್ಟನ್ನಿನ ಕಾವೇರಿ, ಅಟ್ಲಾಂಟಾದ ನೃಪತುಂಗ ಮೊದಲಾದ ಕನ್ನಡ ಸಂಘಗಳಿಗೆ ನನ್ನದೊಂದು ಸಣ್ಣ ಬೇಡಿಕೆಯಿದೆ. ರಾಜ್ಯೋತ್ಸವದ ಆಮಂತ್ರಣಪತ್ರದ ಹಿಂಬದಿಯಲ್ಲಿ ನಾಲ್ಕು ಸಾಲು ಅಚ್ಚು ಹಾಕಿಸಲಿ: ಕನ್ನಡ ದುಭಾಷಿಯನ್ನು ಕೇಳುವ ಹಕ್ಕು ನಿಮಗಿದೆಯೆಂದು ಒಂದು, ದಾದಿ ಮಾತನಾಡುವಾಗ ಸ್ವಲ್ಪ ಹೊತ್ತು ಮಕ್ಕಳು ಹೊರಗೆ ನಿಲ್ಲಲೆಂದು ಇನ್ನೊಂದು, ಏನಾಗುತ್ತಿದೆ, ಅದಕ್ಕೆ ಮೊದಲು ಏನಾಯಿತು ಎಂಬೆರಡನ್ನು ತಮ್ಮ ಮಾತಿನಲ್ಲಿಯೇ ಹೇಳಲೆಂದು ಮಿಕ್ಕೆರಡು. ದಾದಿಯಾದವಳು ಆ ಮಾತನ್ನು ಕಡತದಲ್ಲಿ ಹಾಗೆಯೇ ಬರೆಯಲಿ. ರೋಗಿ ಆತಂಕಗೊಂಡಿದ್ದಾಳೆ ಎಂಬ ಒಂದೇ ಸಾಲಿನಿಂದ ರಾತ್ರಿಪಾಳಿಗೆ ಬರುವವಳಿಗೆ ಏನೂ ತಿಳಿಯದು.